ಅಪೊಲೋನಿಯಾಳ ಚಕ್ಕುಬಂದಿ

ನೀಲಗಂಗಾ ಮೂವತ್ತಾರು ವರ್ಷ ಸರ್ವೆ ಇಲಾಖೆಯಲ್ಲಿ ದುಡಿದವರು. ಹರಪನಹಳ್ಳಿ, ಚನ್ನಗಿರಿ, ದಾವಣಗೆರೆ ಸೀಮೆಯ ಹೊಲಗಳಲ್ಲಿ ಅವರು ನಡೆದದ್ದನ್ನೆಲ್ಲ ಸಾಲಾಗಿ ಹಾಸಿದರೆ ಅಮೆರಿಕಕ್ಕೆ ಬರಲು ವಿಮಾನವೇ ಬೇಕಾಗುತ್ತಿರಲಿಲ್ಲ ಎಂದು ಅಳಿಯ ಅಭಿಷೇಕ್ ತಮಾಷೆ ಮಾಡುತ್ತಿದ್ದ. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಆ ಜಿಲ್ಲೆಯಲ್ಲಿ ಅಳತೆಗೆ ಹೋಗುವ ಹೆಂಗಸರು ಇಬ್ಬರೇ ಇದ್ದರು. ಮೊದಲ ವರ್ಷ ಹೋದ ಹೋದ ಊರಿನಲ್ಲೆಲ್ಲ ಜನ ಸರ್ವೆಯರ್ ಎಲ್ಲಿದ್ದಾರೆ ಎಂದು ಅವರನ್ನೇ ಕೇಳುತ್ತಿದ್ದರು. ಐದನೆಯ ವರ್ಷದ ಹೊತ್ತಿಗೆ, ತಕರಾರಿನ ಹೊಲವಿದ್ದರೆ ಆ ಅಮ್ಮನನ್ನೇ ಕಳಿಸಿ ಎಂದು ಕಚೇರಿಗೆ ಅರ್ಜಿಗಳು ಬರತೊಡಗಿದ್ದವು.

ನಿವೃತ್ತಿಯಾದ ಮರುವರ್ಷ, 2021ರಲ್ಲಿ, ಅವರು ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿದ್ದ ಮಗಳು ಅಕ್ಷಯಾಳ ಮನೆಗೆ ಬಂದರು. ಅಕ್ಷಯಾ ಅಲ್ಲಿಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತ ಟೌನ್‌ಹೌಸುಗಳ ಸಾಲಿನಲ್ಲಿ ಅವರ ಮನೆ. ಎರಡು ಮನೆ ಆಚೆಗೆ ವರ್ನಾ ಕಾರ್ಪೆಂಟರ್ ಎಂಬುವರು ಒಬ್ಬರೇ ಇದ್ದರು. ವರ್ನಾಗೆ ಎಪ್ಪತ್ತೇಳು ವರ್ಷ. ಶಾಲಾ ಬಸ್ಸುಗಳಿಗೆ ರೂಟು ಹಾಕುವ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಷ್ಟು ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ಬಾಯಿ ಬಾರದೆ ನೀಲಗಂಗಾ ಮೊದಲಿಗೆ ವರ್ನಾ ಮೇಡಂ ಎನ್ನುತ್ತಿದ್ದರು. ನನ್ನನ್ನು ಮೇಡಂ ಅನ್ನುವುದು ಕಾರು ತಡೆಯುವ ಪೊಲೀಸರು ಮಾತ್ರ ಎಂದು ವರ್ನಾ ಅದನ್ನು ಬಿಡಿಸಿದರು.

2022ರ ಮಾರ್ಚಿನಲ್ಲಿ ವರ್ನಾ ಅವರ ಸ್ಕ್ಯಾನರ್ ಕೆಟ್ಟು, ಅವರು ಒಂದು ಕಟ್ಟು ಹಳೆಯ ಕಾಗದ ಹಿಡಿದು ಅಕ್ಷಯಾಳ ಬಳಿ ಬಂದರು. ಅಕ್ಷಯಾ ಒಂದೊಂದೇ ಹಾಳೆ ಸ್ಕ್ಯಾನ್ ಮಾಡಿ ಊಟದ ಮೇಜಿನ ಮೇಲೆ ಇಡುತ್ತಿದ್ದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಹುರುಳಿಕಾಯಿ ಮುರಿಯುತ್ತ ಕುಳಿತಿದ್ದ ನೀಲಗಂಗಾ ಕುತೂಹಲಕ್ಕೆ ಒಂದು ಹಾಳೆ ಎತ್ತಿಕೊಂಡರು. ಅದು ಯಾವುದೋ ಜಮೀನಿನ ಹಳೆಯ ಕ್ರಯಪತ್ರದ ನಕಲು. ಓಕ್ ಮರವೊಂದರಿಂದ ಶುರುವಾಗಿ, ದಕ್ಷಿಣಕ್ಕೆ ಇಷ್ಟು ಡಿಗ್ರಿ ವಾಲಿ ತೊಂಬತ್ತಾರು ಪೋಲ್ ನಡೆದರೆ ಒಂದು ಕಲ್ಲು, ಅಲ್ಲಿಂದ ಹಳ್ಳದ ಗುಂಟ ಇಷ್ಟು ಪೋಲ್ ಎಂದು ಬರೆದಿತ್ತು. ಪೋಲ್ ಅಂದರೆ ಎಷ್ಟು ಉದ್ದ ಎಂದು ಅವರು ಕೇಳಿದರು. ಹದಿನಾರೂವರೆ ಅಡಿ ಎಂದರು ವರ್ನಾ.

ನೀಲಗಂಗಾ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ಮಗಳತ್ತ ತಿರುಗಿ ಕನ್ನಡದಲ್ಲೇ ಹೇಳಿದರು: “ಎರಡು ಪೋಲ್ ಅಂದ್ರೆ ನಮ್ಮ ಒಂದು ಸರಪಳಿ ಕಣೇ. ಮೂವತ್ಮೂರು ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದ್ರೆ ಒಂದು ಗುಂಟೆ. ಇವರದ್ದೂ ಅದೇ ಅಳತೆ.”

ಅಕ್ಷಯಾ ಅದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ನೀಲಗಂಗಾ ಹಾಳೆಯ ಬೆನ್ನ ಮೇಲೆ ಪೆನ್ಸಿಲಿನಿಂದ ಆ ಜಮೀನಿನ ಆಕಾರ ಎಳೆದು, ಸುಮಾರು ಅರವತ್ತೆರಡು ಎಕರೆ ಎಂದು ಬರೆದಿದ್ದರು. ಪತ್ರದ ಕೊನೆಯಲ್ಲಿ ಅರವತ್ತು ಎಕರೆ ಎಂದಿತ್ತು. ವರ್ನಾ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ನೀಲಗಂಗಾ ಅವರ ಪಕ್ಕದಲ್ಲೇ ಕುಳಿತರು.

ವರ್ನಾ ಅಂದು ಹೇಳಿದ ಮನೆತನದ ಕಥೆ ಇಷ್ಟು. ಅವರ ವಂಶಕ್ಕೆ ಗೊತ್ತಿದ್ದ ಮೊದಲ ಹಿರಿಯ ಜಾನ್ ಕಾರ್ಪೆಂಟರ್. ನಾರ್ತ್ ಕ್ಯಾರೊಲೈನಾದ ಹೆರಾನ್ ಕ್ರೀಕ್ ಎಂಬ ಹಳ್ಳದ ಪಕ್ಕ ಬೇಸಾಯ ಮಾಡಿಕೊಂಡಿದ್ದು 1821ರಲ್ಲಿ ತೀರಿಕೊಂಡವನು. ಕಾರ್ಪೆಂಟರ್ ಎಂಬುದು ಅವರ ಮೂಲ ಹೆಸರಲ್ಲ. ಜರ್ಮನಿಯಿಂದ ಬಂದಾಗ ಝಿಮ್ಮರ್‌ಮನ್ ಆಗಿದ್ದುದನ್ನು ಅರ್ಥ ನೋಡಿ ಇಂಗ್ಲಿಷಿಗೆ ತಿರುಗಿಸಿಕೊಂಡದ್ದು. ಎರಡೂ ಬಡಗಿಯೇ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಆದರೆ ಈ ಜಾನ್‌ನ ತಂದೆ ಯಾರು ಎಂಬಲ್ಲಿಗೆ ದಾರಿ ಮುಚ್ಚಿಹೋಗುತ್ತಿತ್ತು. 1931ರಲ್ಲಿ ವರ್ನಾ ಅವರ ತಾತನ ತಮ್ಮ ಒಂದು ಪುಸ್ತಕ ಅಚ್ಚು ಹಾಕಿಸಿ, ಹದಿನೈದು ಮೈಲಿ ಆಚೆಯಿದ್ದ ಕ್ಯಾಪ್ಟನ್ ಜಾನ್ ಝಿಮ್ಮರ್‌ಮನ್ನನೇ ಆ ತಂದೆ ಎಂದು ಬರೆದುಬಿಟ್ಟಿದ್ದರು. ಕ್ಯಾಪ್ಟನ್‌ಗೆ ಹಿಟ್ಟಿನ ಗಿರಣಿ, ಐನೂರು ಎಕರೆ, ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಹೆಸರು, ಎಲ್ಲ ಇತ್ತು. ಆಧಾರ ಮಾತ್ರ ಇರಲಿಲ್ಲ. ಆದರೂ ಅಂದಿನಿಂದ ಪ್ರತಿ ಅಕ್ಟೋಬರಿನಲ್ಲಿ ಇಡೀ ಮನೆತನ ಸೇರಿ ಅವನ ಸಮಾಧಿಗೆ ಹೂವಿಟ್ಟು ಊಟ ಮಾಡುವ ಪದ್ಧತಿ ನಡೆದುಬಂದಿತ್ತು. ಈಗ ಅದನ್ನು ನಡೆಸುತ್ತಿದ್ದವರು ಹೆರಾನ್ ಕ್ರೀಕಿನ ಕಡೆಯೇ ಉಳಿದಿದ್ದ ವರ್ನಾ ಅವರ ತಮ್ಮ ಡ್ವೈಟ್.

ವರ್ನಾ ಅವರಿಗೆ ಆ ಪುಸ್ತಕದ ಮೇಲೆ ನಂಬಿಕೆ ಇರಲಿಲ್ಲ. ಕ್ಯಾಪ್ಟನ್‌ನ ಉಯಿಲನ್ನು ಅವರು ಸ್ವತಃ ಓದಿದ್ದರು. ಅದರಲ್ಲಿ ಏಳು ಮಕ್ಕಳ ಹೆಸರಿತ್ತು, ಜಾನ್ ಎಂಬ ಮಗನಿರಲಿಲ್ಲ. ಅವನು ಗುಲಾಮರಾಗಿ ಇಟ್ಟುಕೊಂಡಿದ್ದ ಹನ್ನೊಂದು ಜನರ ಹೆಸರೂ ಅದರಲ್ಲಿತ್ತು. ಪುಸ್ತಕ ಬರೆದವರು ಆ ಪುಟವನ್ನು ಹಾರಿಸಿಬಿಟ್ಟಿದ್ದರು. ಮೂವತ್ತು ವರ್ಷದಿಂದ ವರ್ನಾ ಬೇರೆ ತಂದೆಯನ್ನು ಹುಡುಕುತ್ತಲೇ ಇದ್ದರು. ಆದರೆ ಆ ಜರ್ಮನರು ಮನೆಯ ಗಂಡುಮಕ್ಕಳಿಗೆಲ್ಲ ಯೋಹಾನ್ ಎಂದೇ ಹೆಸರಿಡುತ್ತಿದ್ದರು. ಹೆಸರೊಂದನ್ನೇ ನಂಬಿ ಹೊರಟವರಿಗೆ ಎಲ್ಲಿ ನೋಡಿದರೂ ಯೋಹಾನ್ ಝಿಮ್ಮರ್‌ಮನ್‌ಗಳೇ.

“ಹೆಸರು ಹಿಡಿದು ಹುಡುಕಿದ್ರೆ ಹೀಗೇ ಆಗೋದು,” ಎಂದರು ನೀಲಗಂಗಾ ತಮ್ಮ ಕಚೇರಿಯ ಇಂಗ್ಲಿಷಿನಲ್ಲಿ. “ಬರೆಯೋನಿಗೆ ಹೇಗೆ ಕೇಳಿಸ್ತೋ ಹಾಗೆ ಬರ್ಕೊಂಡಿರ್ತಾನೆ. ಜಮೀನು ಎದ್ದು ಹೋಗಲ್ಲ. ಅಕ್ಕಪಕ್ಕದ ಜಮೀನಿನವರ ಪತ್ರ ಇದ್ಯಾ ನಿಮ್ಮ ಹತ್ರ?”

ವರ್ನಾ ಅವರ ಬಳಿ ಅದಿರಲಿಲ್ಲ. ತಮ್ಮ ಕುಟುಂಬದ್ದಲ್ಲದ ಪತ್ರ ಏಕೆ ಬೇಕು ಎಂದೇ ಅವರಿಗೆ ಹೊಳೆದಿರಲಿಲ್ಲ. ನೀಲಗಂಗಾ ಆಗ ಚಕ್ಕುಬಂದಿಯ ವಿಷಯ ಹೇಳಿದರು. ನಮ್ಮ ಕಡೆ ಯಾವ ಪತ್ರ ಬರೆದರೂ ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರದು, ಉತ್ತರ ದಕ್ಷಿಣಕ್ಕೆ ಏನಿದೆ ಎಂದು ಬರೆಯದೆ ಬಿಡುವುದಿಲ್ಲ. ಒಬ್ಬನ ಪತ್ರ ಕಳೆದುಹೋದರೂ ಸುತ್ತಲಿನ ನಾಲ್ವರ ಪತ್ರದಲ್ಲಿ ಅವನು ಉಳಿದಿರುತ್ತಾನೆ.

ಮುಂದಿನ ವಾರದಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ನೀಲಗಂಗಾ ವರ್ನಾ ಅವರ ಮನೆಗೆ ಹೋಗತೊಡಗಿದರು. ಕಂಪ್ಯೂಟರಿನಲ್ಲಿ ಇದಕ್ಕೆಲ್ಲ ಪ್ರೋಗ್ರಾಂ ಇದೆ, ಇನ್‌ಸ್ಟಾಲ್ ಮಾಡ್ಕೊಡ್ತೀನಿ ಎಂದು ಅಭಿಷೇಕ್ ಹೇಳಿದ. ಮೊದಲು ಕೈಯಲ್ಲಿ ಎಳೆದು ನೋಡುತ್ತೇನೆ ಎಂದು ಅವರು ಗ್ರಾಫ್ ಹಾಳೆ, ಕೋನಮಾಪಕ, ಒಂದು ಒಳ್ಳೆಯ ಸ್ಕೇಲು ತರಿಸಿಕೊಂಡರು. ವರ್ನಾ ಹಳೆಯ ದಾಖಲೆಗಳನ್ನು ತರಿಸುವುದು, ವಂಕಿವಂಕಿ ಅಕ್ಷರ ಬಿಡಿಸಿ ಓದುವುದು. ನೀಲಗಂಗಾ ಅಳತೆ ಹಾಕಿ ಗೆರೆ ಎಳೆಯುವುದು. ಬೇಸಿಗೆ ಮುಗಿಯುವಷ್ಟರಲ್ಲಿ ಮೇಜಿನ ಮೇಲೆ ಎರಡು ದೊಡ್ಡ ನಕಾಶೆ ತಯಾರಾದವು. ಒಂದು ಹೆರಾನ್ ಕ್ರೀಕಿನ ಸುತ್ತಮುತ್ತಲಿನದು. ಇನ್ನೊಂದು ಮೇರಿಲ್ಯಾಂಡಿನದೇ, ಜರ್ಮನ್‌ಟೌನಿನಿಂದ ಅರ್ಧ ಗಂಟೆ ಉತ್ತರಕ್ಕಿರುವ ಫ್ರೆಡರಿಕ್ ಸೀಮೆಯದು. ಕ್ಯಾರೊಲೈನಾಕ್ಕೆ ಹೋದ ಜರ್ಮನರಲ್ಲಿ ಬಹಳ ಜನ ಫಿಲಡೆಲ್ಫಿಯಾದಲ್ಲಿ ಹಡಗು ಇಳಿದು, ಕೆಲವು ವರ್ಷ ಈ ಫ್ರೆಡರಿಕ್ ಸೀಮೆಯಲ್ಲಿ ನೆಲೆನಿಂತು, ಆಮೇಲೆ ಗಾಡಿ ಕಟ್ಟಿಕೊಂಡು ದಕ್ಷಿಣಕ್ಕೆ ಇಳಿದವರು ಎಂದು ವರ್ನಾ ಹೇಳಿದ್ದರಿಂದ ಅದನ್ನೂ ಎಳೆದಿದ್ದರು.

ಮೇರಿಲ್ಯಾಂಡಿನಲ್ಲಿ ಆ ಕಾಲದವರು ಪ್ರತಿ ಜಮೀನಿಗೂ ಒಂದೊಂದು ಹೆಸರಿಡುತ್ತಿದ್ದರು. ಐವತ್ತು ಎಕರೆಯ ಒಂದು ತುಂಡಿಗೆ ‘ಸಣ್ಣ ಆಸೆ’ ಎಂಬರ್ಥದ ಹೆಸರಿತ್ತು. ಅದರ ಒಡೆಯ ಯೋಹಾನಸ್ ಝಿಮ್ಮರ್‌ಮನ್ 1749ರಲ್ಲಿ ಹಡಗು ಇಳಿದು 1762ರಲ್ಲಿ ತೀರಿಕೊಂಡಿದ್ದ. ಎರಡು ವರ್ಷದ ಮೇಲೆ ಅವನ ಹೆಂಡತಿ, ನಾಲ್ಕು ಮಕ್ಕಳ ತಾಯಿ ಅಪೊಲೋನಿಯಾ ಆ ಜಮೀನು ಮಾರಿ, ಓದುಬರಹ ಬಾರದ್ದರಿಂದ ಸಹಿಯ ಜಾಗದಲ್ಲಿ ಒಂದು ವೃತ್ತ ಬರೆದಿದ್ದಳು. ಅಲ್ಲಿಂದ ಮುಂದೆ ಅವಳ ಸುದ್ದಿಯಿಲ್ಲ. ವರ್ನಾ ಅವರಿಗೆ ಈ ಯೋಹಾನಸ್ ಗೊತ್ತಿದ್ದವನೇ. ಸತ್ತವನು ಕ್ಯಾರೊಲೈನಾಕ್ಕೆ ಹೋಗುವುದು ಹೇಗೆ ಎಂದು ಅವನನ್ನು ಎಂದೋ ಪಕ್ಕಕ್ಕೆ ಸರಿಸಿದ್ದರು.

ಸೆಪ್ಟೆಂಬರಿನ ಒಂದು ಮಂಗಳವಾರ ನೀಲಗಂಗಾ ಎರಡೂ ನಕಾಶೆಗಳನ್ನು ಅಕ್ಕಪಕ್ಕ ಹಾಸಿಕೊಂಡು ನಿಂತಿದ್ದರು. ಮೇರಿಲ್ಯಾಂಡಿನಲ್ಲಿ ಅಪೊಲೋನಿಯಾಳ ಜಮೀನಿನ ಸುತ್ತ ಇದ್ದವರು ಕೆರ್ನ್, ಬ್ಯೂಲರ್, ಓಸ್ವಾಲ್ಡ್. ಕ್ಯಾರೊಲೈನಾದ ಹಾಳೆಯ ಮೇಲೆ ಅವರು ಬೆರಳಾಡಿಸಿದರು. ಹಳ್ಳದ ದಕ್ಷಿಣಕ್ಕೆ ಕಾರ್ನ್, ಬೀಲರ್, ಆಸ್ವಾಲ್ಟ್ ಎಂದಿತ್ತು. ಅಕ್ಷರ ಬೇರೆ, ಮನುಷ್ಯರು ಅವರೇ. ಮೂವರೂ 1758ರಿಂದ 61ರ ಒಳಗೆ ಮೇರಿಲ್ಯಾಂಡಿನಲ್ಲಿ ಮಾರಿ ಕ್ಯಾರೊಲೈನಾದಲ್ಲಿ ಜಮೀನು ಮಂಜೂರು ಮಾಡಿಸಿಕೊಂಡಿದ್ದರು.

“ಇಡೀ ಚಕ್ಕುಬಂದಿನೇ ಗಾಡಿ ಹತ್ತಿ ಹೋಗಿದೆ, ವರ್ನಾ,” ಎಂದರು ನೀಲಗಂಗಾ. “ಗಂಡ ಸತ್ತ ಮೇಲೆ ನಾಲ್ಕು ಮಕ್ಕಳನ್ನ ಕಟ್ಕೊಂಡ ಹೆಂಗಸು ಎಲ್ಲಿಗೆ ಹೋಗ್ತಾಳೆ? ಗೊತ್ತಿರೋ ಜನ ಎಲ್ಲಿದ್ದಾರೋ ಅಲ್ಲಿಗೆ.”

ಕ್ಯಾರೊಲೈನಾದ ಹಾಳೆಯ ಮೇಲೆ ಆ ಮೂವರ ಜಮೀನುಗಳ ನಡುವೆ, ಹಳ್ಳಕ್ಕೆ ತಾಗಿದ ಹಾಗೆ, ಯಾರಿಗೂ ಸೇರದ ಒಂದು ಖಾಲಿ ಜಾಗ ಉಳಿದಿತ್ತು. ಸುಮಾರು ನೂರೆಂಬತ್ತು ಎಕರೆ. ಆ ಜಾಗದ ಹಳೆಯ ಪತ್ರ ಯಾವುದೂ ವರ್ನಾ ಅವರಿಗೆ ಸಿಗಲಿಲ್ಲ. ಪತ್ರವಿಲ್ಲ ಎಂದರೆ ಕಾಡೇ ಇರಬೇಕು ಎಂದು ಅವರು ಕೈಚೆಲ್ಲಿದರು. ಹಳ್ಳದ ಪಕ್ಕದ ಒಳ್ಳೆಯ ನೆಲವನ್ನು ಮೂವರು ರೈತರು ಯಾಕೆ ಬಿಟ್ಟರು ಎಂಬುದು ನೀಲಗಂಗಾ ಅವರ ಪ್ರಶ್ನೆ. ಆ ವರ್ಷಗಳಲ್ಲಿ ಅಲ್ಲಿ ಜಮೀನು ಕೊಡುತ್ತಿದ್ದವರು ಯಾರು ಎಂದು ಅವರು ಕೇಳಿದರು. ಆ ಭಾಗವೆಲ್ಲ ಇಂಗ್ಲೆಂಡಿನ ಒಬ್ಬ ಪ್ರಭುವಿನ ಪಾಲಿಗೆ ಸೇರಿತ್ತು, 1763ರಲ್ಲಿ ಅವನು ಸತ್ತದ್ದೇ ಅವನ ಭೂಮಿ ಕಚೇರಿ ಮುಚ್ಚಿತು, ಮತ್ತೆ 1778ರಲ್ಲಿ ಹೊಸ ಸರ್ಕಾರ ಬಂದಮೇಲೆಯೇ ಮಂಜೂರಾತಿ ಶುರುವಾದದ್ದು ಎಂದು ವರ್ನಾ ವಿವರಿಸಿದರು.

ನೀಲಗಂಗಾ ನಕ್ಕುಬಿಟ್ಟರು. ಮುಚ್ಚಿದ ಕಚೇರಿಯ ಮುಂದೆ ಬಂದು ನಿಂತವಳು ಅಪೊಲೋನಿಯಾ. ಕೊಡುವವರಿಲ್ಲ, ಹಾಗಂತ ಮಕ್ಕಳು ಉಪವಾಸ ಇರುವುದಿಲ್ಲ. ಕಾಗದವಿಲ್ಲದೆಯೇ ಉಳುಮೆ ಶುರು ಮಾಡಿರಬೇಕು. “ನಮ್ಮ ಕಡೆ ಇದಕ್ಕೆ ಬಗರ್‌ಹುಕುಂ ಅಂತೀವಿ,” ಎಂದು ಹೇಳಿ, ಆ ಪದವನ್ನು ವರ್ನಾ ಅವರಿಂದ ಮೂರು ಸಲ ಹೇಳಿಸಿದರು.

ಅವರಿಗೆ ಆಗ ನೆನಪಾದವಳು ಗೌರಾಬಾಯಿ. ಹರಪನಹಳ್ಳಿ ತಾಲ್ಲೂಕಿನ ಒಂದು ತಾಂಡಾದವಳು. ಮೂರು ಎಕರೆ ಹನ್ನೆರಡು ಗುಂಟೆ ಸರ್ಕಾರಿ ಜಮೀನನ್ನು ಹತ್ತೊಂಬತ್ತು ವರ್ಷ ಉತ್ತು ಬಿತ್ತಿ, ಸಕ್ರಮಕ್ಕೆ ಅರ್ಜಿ ಹಾಕಿದ್ದಳು. ಅಳತೆಗೆ ಹೋದ ದಿನ ಅವಳು ಸರಪಳಿಗಿಂತ ಮುಂದೆ ಬರಿಗಾಲಲ್ಲಿ ನಡೆದು ಒಂದೊಂದು ಬದುವನ್ನೂ ಮುಟ್ಟಿ ತೋರಿಸಿದ್ದಳು. ಸಾಕ್ಷಿ ಯಾರು ಎಂದಾಗ ಸುತ್ತಲಿನ ಹೊಲದವರು ತಾವಾಗಿ ಬಂದು ನಿಂತಿದ್ದರು. ಅವಳಿಗೆ ಸಾಗುವಳಿ ಚೀಟಿ ಸಿಕ್ಕಿತು. ಆ ಕಡತದಲ್ಲಿ ನೀಲಗಂಗಾ ಬರೆದ ವರದಿ ಒಂದೇ ಪುಟದ್ದು, ಆದರೆ ಅದನ್ನು ಯಾವ ಮೇಲಧಿಕಾರಿಯೂ ತಿದ್ದಲಿಲ್ಲ. ಇದನ್ನೆಲ್ಲ ಅವರು ವರ್ನಾಗೆ ಹೇಳಿ, ಕಾಗದ ಇಲ್ಲದವರನ್ನು ಕಂಡವರು ಪಕ್ಕದವರೇ, ಅವರನ್ನೇ ಇನ್ನೊಮ್ಮೆ ಕೇಳೋಣ ಎಂದರು.

ಪಕ್ಕದವರು ಮಾತಾಡಿದರು. 1771ರಲ್ಲಿ ಬ್ಯೂಲರ್ ತನ್ನ ಜಮೀನಿನ ಒಂದು ಭಾಗವನ್ನು ಅಳಿಯನಿಗೆ ಬರೆದುಕೊಟ್ಟಿದ್ದ. ಆ ಪತ್ರ ಕ್ಯಾರೊಲೈನಾದ ಸಾಲಿಸ್‌ಬರಿಯ ಕೋರ್ಟಿನ ದಾಖಲೆಯಿಂದ ನವೆಂಬರಿನಲ್ಲಿ ಬಂತು. ಅದರ ನಾಲ್ಕನೆಯ ಸಾಲಿನಲ್ಲಿ ‘ಅಲ್ಲಿಂದ ವಿಧವೆ ಸಿಮ್ಮರ್‌ಮನ್ನಳ ಬೇಲಿಯ ಗುಂಟ ತೊಂಬತ್ತು ಪೋಲ್’ ಎಂದಿತ್ತು. ಆ ಬೇಲಿ ಖಾಲಿ ಜಾಗದ ದಕ್ಷಿಣದ ಅಂಚಿನಲ್ಲೇ ಬೀಳುತ್ತಿತ್ತು. ವರ್ನಾ ಆ ಸಾಲನ್ನು ಜೋರಾಗಿ ಓದಿದರು, ಕನ್ನಡಕ ತೆಗೆದರು, ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಆಮೇಲೆ ಅವರು ತಮ್ಮ ಹಳೆಯ ಪೆಟ್ಟಿಗೆಯಿಂದ ಒಂದು ಹಾಳೆ ತೆಗೆದರು. ಇಪ್ಪತ್ತು ವರ್ಷದಿಂದ ಅವರ ಬಳಿಯೇ ಇದ್ದದ್ದು. 1778ರಲ್ಲಿ ಹೊಸ ಕಚೇರಿ ತೆರೆದ ತಿಂಗಳಲ್ಲೇ ಒಬ್ಬ ಜಾನ್ ಕಾರ್ಪೆಂಟರ್ ಹೆರಾನ್ ಕ್ರೀಕಿನಲ್ಲಿ ‘ತನ್ನ ತಾಯಿ ಈಗ ವಾಸವಿರುವ ಸಾಗುವಳಿಯೂ ಸೇರಿದಂತೆ’ ನೂರೆಂಬತ್ತು ಎಕರೆಗೆ ಅರ್ಜಿ ಹಾಕಿದ್ದ. ತಾಯಿಯ ಹೆಸರಿರಲಿಲ್ಲ. ಯಾವ ಜಾನ್, ಯಾವ ತಾಯಿ ಎಂದು ತಿಳಿಯದೆ ಅದು ಪೆಟ್ಟಿಗೆಯಲ್ಲೇ ಉಳಿದಿತ್ತು. ಮರುವರ್ಷ ಅವನಿಗೆ ಮಂಜೂರಾದ ಜಮೀನಿನ ಅಳತೆಯೂ ಜೊತೆಗಿತ್ತು. ಅದು ಖಾಲಿ ಜಾಗದಲ್ಲಿ ಕೂತರೆ ಆ ತಾಯಿ ಅಪೊಲೋನಿಯಾ, ಆ ಮಗ ತಮ್ಮ ವಂಶದ ಜಾನ್ ಎಂದಾಗಿ ಕೆಲಸ ಮುಗಿದ ಹಾಗೆ.

ಅದು ಕೂರಲಿಲ್ಲ. ಉದ್ದ ಇನ್ನೂರನಲವತ್ತು ಪೋಲ್, ಅಗಲ ನೂರಿಪ್ಪತ್ತು, ಅಳತೆ ಎಲ್ಲ ಸರಿ. ಆದರೆ ಒಂದು ಮೂಲೆ ಹೊಂದಿಸಿದರೆ ಎದುರಿನ ಮೂಲೆ ಎಂಟು ಪೋಲ್ ಸರಿದು ಕೆರ್ನ್‌ನ ಜಮೀನಿನ ಒಳಗೆ ಹೋಗುತ್ತಿತ್ತು. ಎಂಟು ಪೋಲ್ ಅಂದರೆ ನೂರಮೂವತ್ತು ಅಡಿ. ಹಳೆಯ ಕಾಲದ ಅಳತೆ, ಇಷ್ಟು ತಪ್ಪು ಇದ್ದೇ ಇರುತ್ತದೆ, ಬಿಡಿ ಎಂದರು ವರ್ನಾ. ನೀಲಗಂಗಾ ಒಪ್ಪಲಿಲ್ಲ. ಒಂದು ಕಡೆ ಮಾತ್ರ ತಪ್ಪಿದ್ದರೆ ಬರೆದವನ ಕೈತಪ್ಪು ಎನ್ನಬಹುದಿತ್ತು. ಇದು ಹಾಗಲ್ಲ, ಇಡೀ ಆಕಾರವೇ ಒಂದು ಪಕ್ಕಕ್ಕೆ ಹೊರಳಿತ್ತು. ಆ ಚಳಿಗಾಲ ಪೂರ್ತಿ ಅವರು ಆ ಹಾಳೆಯನ್ನು ಸುತ್ತಿ ಇಡಲಿಲ್ಲ.

ಈ ನಡುವೆ ವರ್ನಾ ತಮ್ಮನಿಗೆ ಫೋನು ಮಾಡಿ ವಿಷಯ ತಿಳಿಸಿದರು. ಡ್ವೈಟ್‌ಗೆ ಎಪ್ಪತ್ನಾಲ್ಕು, ವಿದ್ಯುತ್ ಕಂಪನಿಯಲ್ಲಿ ಲೈನು ಎಳೆಸುವ ಕೆಲಸ ಮಾಡಿದವರು. ಫೋನು ಸ್ಪೀಕರಿನಲ್ಲಿತ್ತು. ನಮ್ಮ ಅಜ್ಜ ಯಾರು ಎಂದು ಹೇಳಲು ಇಂಡಿಯಾದಿಂದ ಒಬ್ಬರು ಬರಬೇಕಾಯಿತಾ ಎಂದು ಅವರು ಕೇಳಿದ್ದು ನೀಲಗಂಗಾ ಅವರಿಗೂ ಕೇಳಿಸಿತು. ವರ್ನಾ ಕೆಂಪಗಾದರು. ನೀಲಗಂಗಾ ಅವರಿಗೆ ಏನೂ ಅನ್ನಿಸಲಿಲ್ಲ. ಹೊಲ ಅಳೆಯಲು ಹೋದಾಗಲೆಲ್ಲ ಮೊದಲ ಮಾತು ಇದೇ ಆಗಿರುತ್ತಿತ್ತು. ಅವರು ಫೋನಿನ ಹತ್ತಿರ ಬಾಗಿ, ನಿಮ್ಮ ಅನುಮಾನ ನ್ಯಾಯವಾದದ್ದು, ನನಗೂ ಇನ್ನೂ ಎಂಟು ಪೋಲ್ ಅನುಮಾನ ಉಳಿದಿದೆ, ಅದು ಬಗೆಹರಿದ ಮೇಲೆಯೇ ಬರುತ್ತೇನೆ ಎಂದರು. ಡ್ವೈಟ್, ಬಂದರೆ ಭೂಮಿಯ ಮೇಲೆ ತೋರಿಸಿ, ಕಾಗದದ ಮೇಲೆ ಬೇಡ ಎಂದು ಫೋನಿಟ್ಟರು.

ಏಪ್ರಿಲಿನಲ್ಲಿ ಉತ್ತರ ಸಿಕ್ಕಿತು, ಅದೂ ಅವರು ಆಗಲೇ ಮೂರು ಸಲ ಓದಿದ್ದ ಹಾಳೆಯಲ್ಲಿ. 1803ರಲ್ಲಿ ಕೆರ್ನ್‌ನ ಮಕ್ಕಳು ಜಮೀನು ಪಾಲು ಮಾಡಿಕೊಂಡಾಗ ಬರೆದ ಪತ್ರ ಅದು. ಅಳತೆಯ ಮುಂದೆ ‘ಸೂಜಿಯ ವ್ಯತ್ಯಾಸವನ್ನು ಸರಿದೂಗಿಸಿ’ ಎಂಬ ಮೂರು ಪದ ಇದ್ದವು. ನೀಲಗಂಗಾ ಹಣೆ ಬಡಿದುಕೊಂಡರು. ಇವರೆಲ್ಲ ದಿಕ್ಸೂಚಿ ಹಿಡಿದು ಅಳೆದವರು. ತರಬೇತಿಯಲ್ಲಿ ಕಲಿತಿದ್ದರೂ ತಮ್ಮ ಕೆಲಸದಲ್ಲಿ ಸರಪಳಿಯನ್ನೇ ನಂಬಿದ್ದ ಅವರಿಗೆ ಅದು ಮರೆತೇಹೋಗಿತ್ತು. ದಿಕ್ಸೂಚಿಯ ಸೂಜಿ ತೋರುವ ಉತ್ತರ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಕೆರ್ನ್ ಮತ್ತು ಓಸ್ವಾಲ್ಡ್ ಅಳೆಸಿದ್ದು 1759ರಲ್ಲಿ, ಜಾನ್ ಅಳೆಸಿದ್ದು 1779ರಲ್ಲಿ, ಅದೂ ಬೇರೆ ದಿಕ್ಸೂಚಿಯಲ್ಲಿ. ಅವರು ಜಾನ್‌ನ ಆಕಾರವನ್ನು ಪಾರದರ್ಶಕ ಹಾಳೆಯ ಮೇಲೆ ನಕಲು ಮಾಡಿ, ಒಂದು ಮೂಲೆಗೆ ಗುಂಡುಸೂಜಿ ಚುಚ್ಚಿ, ಎರಡು ಡಿಗ್ರಿಗಿಂತ ಸ್ವಲ್ಪ ಕಡಿಮೆ ತಿರುಗಿಸಿದರು. ಮೂರು ಬದಿಯೂ ಪಕ್ಕದವರ ಗೆರೆಗೆ ಕೂತವು. ನಾಲ್ಕನೆಯದು ಹಳ್ಳದ ಬಾಗಿನ ಜೊತೆ ಬಾಗಿತು.

ಇದು ತನಗೆ ಬೇಕಾದ ಹಾಗೆ ತಿರುಗಿಸಿದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅವರು ಅದೇ ವರ್ಷ ಅದೇ ಸರ್ವೆಯರ್ ಅಳೆದ ಇನ್ನೂ ಎರಡು ಜಮೀನು ತರಿಸಿ ತಿರುಗಿಸಿ ನೋಡಿದರು. ಅವೂ ಅಷ್ಟೇ ತಿರುಗಿ ಅಷ್ಟೇ ಸರಿಯಾಗಿ ಕೂತವು. ಆ ಸಂಜೆ ಮನೆಗೆ ಬಂದವರೇ ಅಕ್ಷಯಾಗೆ, ಅಕ್ಟೋಬರಿನಲ್ಲಿ ಎರಡು ದಿನ ಬಿಡುವು ಮಾಡಿಕೋ, ಕ್ಯಾರೊಲೈನಾಕ್ಕೆ ಹೋಗಬೇಕು ಎಂದರು.

“ಅಮ್ಮ, ಏಳು ಗಂಟೆ ಡ್ರೈವ್ ಅದು. ಅವರ ಫ್ಯಾಮಿಲಿ ಜಗಳದಲ್ಲಿ ನಾವು ಯಾಕೆ?” ಎಂದಳು ಅಕ್ಷಯಾ.

“ಜಗಳಕ್ಕಲ್ಲ. ಅಳತೆಗೆ,” ಎಂದರು ನೀಲಗಂಗಾ.

2023ರ ಅಕ್ಟೋಬರಿನ ಎರಡನೆಯ ಶನಿವಾರ ಮಧ್ಯಾಹ್ನ ನೀಲಗಂಗಾ, ವರ್ನಾ, ಅಕ್ಷಯಾ ಮೂವರೂ ಹೆರಾನ್ ಕ್ರೀಕಿನ ಬಳಿ ಕಾರು ನಿಲ್ಲಿಸಿದಾಗ ಡ್ವೈಟ್ ತಮ್ಮ ಪಿಕಪ್ ಟ್ರಕ್ಕಿಗೆ ಒರಗಿ ಕಾಯುತ್ತಿದ್ದರು. ಎತ್ತರದ ಆಳು, ಮಾತು ಕಡಿಮೆ. ಈಗ ಆ ನೆಲ ಬೇರೆ ಯಾರದೋ; ಸೋಯಾ ಬೆಳೆದಿದ್ದರು, ಆಚೆಗೆ ಕಾಡು. ಓಡಾಡಲು ಡ್ವೈಟ್ ಒಡೆಯರ ಒಪ್ಪಿಗೆ ಪಡೆದಿದ್ದರು. ರಸ್ತೆಬದಿಯ ಪುಟ್ಟ ಚರ್ಚಿನ ಕಾಂಪೌಂಡಿನ ಒಂದು ಮೂಲೆ ಕೆರ್ನ್‌ನ ಹಳೆಯ ಜಮೀನಿನ ಮೂಲೆಯೇ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಜಾನ್‌ನ ಜಮೀನಿನ ಒಂದು ಮೂಲೆಯೂ ಅದೇ, ಅಲ್ಲಿಂದ ಅಗಲ ಅಳೆದರೆ ಇನ್ನೊಂದು ಮೂಲೆ ಸಿಗಬೇಕು, ಅಲ್ಲಿಂದಲೇ ಶುರು ಮಾಡೋಣ ಎಂದರು ನೀಲಗಂಗಾ. ಫೋನಿನಲ್ಲಿ ನೋಡಿಕೊಂಡು ನೆಟ್ಟಗೆ ಆ ಜಾಗಕ್ಕೆ ಹೋಗಬಹುದು ಎಂದು ಅಕ್ಷಯಾ ಹೇಳಿದಳು. ನೀಲಗಂಗಾ ಚೀಲದಿಂದ ನೂರು ಅಡಿಯ ಟೇಪು ತೆಗೆದು ಒಂದು ತುದಿಯನ್ನು ಡ್ವೈಟ್ ಕೈಗೆ ಕೊಟ್ಟರು. ಅವರು ಅದನ್ನು ತಮ್ಮದೇ ವಸ್ತು ಎಂಬಂತೆ ಹಿಡಿದುಕೊಂಡರು.

ನೂರಿಪ್ಪತ್ತು ಪೋಲ್ ಎಂದರೆ ಆ ಟೇಪಿಗೆ ಇಪ್ಪತ್ತು ಸಲ, ಇಪ್ಪತ್ತಡಿ ಕಡಿಮೆ. ಸೀರೆಯ ಬದಲು ಮಗಳ ಪ್ಯಾಂಟು, ಕಾಲಿಗೆ ಬೂಟು ಹಾಕಿದ್ದ ನೀಲಗಂಗಾ ಅರವತ್ಮೂರರ ವಯಸ್ಸಿನಲ್ಲೂ ಸೋಯಾ ಸಾಲುಗಳ ನಡುವೆ ಸರಸರ ನಡೆದರು. ಕಾಡಿನೊಳಗೆ ಬಿದ್ದ ಮರವೊಂದು ಅಡ್ಡ ಬಂದಾಗ ಅದನ್ನು ಬಳಸಿ ಹೋಗಿ ಮತ್ತೆ ಗೆರೆ ಹಿಡಿಯುವುದು ಹೇಗೆ ಎಂದು ಡ್ವೈಟ್ ಕೇಳದೆಯೇ ಮಾಡಿದರು. ಹತ್ತನೆಯ ಟೇಪಿನ ಹೊತ್ತಿಗೆ ಇಬ್ಬರೂ ಮಾತಿಲ್ಲದೆ ಕೈಸನ್ನೆಯಲ್ಲೇ ಕೆಲಸ ನಡೆಸುತ್ತಿದ್ದರು. ವರ್ನಾ, ಅಕ್ಷಯಾ ಹಿಂದೆ ಹಿಂದೆ ಬಂದರು.

ಅಳತೆ ಮುಗಿದ ಜಾಗದಲ್ಲಿ ಏನೂ ಇರಲಿಲ್ಲ. ಒಣಗಿದ ಎಲೆ, ಬಳ್ಳಿ, ಅಷ್ಟೇ. ಡ್ವೈಟ್ ತಲೆಯಾಡಿಸಿ, ಇದೇ ಆಗುವುದು ಎಂದುಕೊಂಡಿದ್ದೆ ಎಂದರು. ನೀಲಗಂಗಾ ಟೇಪು ಸುತ್ತುತ್ತ, ಸುತ್ತ ಇಪ್ಪತ್ತಡಿ ನೋಡಿ, ಕಾಲಿನಿಂದ ನೋಡಿ ಎಂದರು. ನಾಲ್ವರೂ ಎಲೆ ಸರಿಸುತ್ತ ಬಾಗಿ ನಡೆದರು. ಸ್ವಲ್ಪ ಹೊತ್ತಿನ ಮೇಲೆ ಡ್ವೈಟ್ ಅವರ ಬೂಟು ಯಾವುದಕ್ಕೋ ತಾಗಿ ಟಕ್ ಎಂದಿತು. ಅವರು ಮಂಡಿಯೂರಿ ಕೈಯಿಂದಲೇ ಮಣ್ಣು ಕೆರೆದರು. ಒಂದು ಚಪ್ಪಟೆ ಕಲ್ಲು, ಬಹುಪಾಲು ಮಣ್ಣಿನಲ್ಲಿ ಹೂತದ್ದು, ಅಂಚಿನ ಮೇಲೆ ನೆಟ್ಟಗೆ ನಿಂತಿತ್ತು. ಅದರ ಮೇಲೆ ಅಕ್ಷರವಿಲ್ಲ, ಗುರುತಿಲ್ಲ. ಹೊಲದ ಯಾವುದೋ ಕಲ್ಲಿರಬೇಕು ಎಂದರು ಡ್ವೈಟ್, ಆದರೆ ಕೈ ತೆಗೆಯಲಿಲ್ಲ.

ನೀಲಗಂಗಾ ಅವರೆದುರು ಕುಕ್ಕರಗಾಲಲ್ಲಿ ಕೂತು ಕಲ್ಲಿನ ಬುಡದಲ್ಲಿ ಬೆರಳು ತೂರಿಸಿದರು. ಸುತ್ತ ಮುಷ್ಟಿಗಾತ್ರದ ಕಲ್ಲುಗಳನ್ನು ಒತ್ತೊತ್ತಾಗಿ ಬಿಗಿದಿದ್ದರು. ಅವರು ಡ್ವೈಟ್ ಕೈ ಹಿಡಿದು ಅಲ್ಲಿ ಮುಟ್ಟಿಸಿದರು. “ತಾನಾಗಿ ಬಿದ್ದ ಕಲ್ಲಿಗೆ ಯಾರೂ ಹೀಗೆ ಸುತ್ತ ಬಿಗಿಯಲ್ಲ. ಇದು ನೆಟ್ಟ ಕಲ್ಲು. ನಾವು ಬಾಂದುಕಲ್ಲು ಅಂತೀವಿ.”

ಡ್ವೈಟ್ ಎದ್ದು, ಟೇಪು ಹಿಡಿದು, ಅಳತೆ ಮುಗಿದಿದ್ದ ಜಾಗಕ್ಕೂ ಕಲ್ಲಿಗೂ ನಡುವೆ ತಾವೇ ಅಳೆದರು. ಹನ್ನೊಂದು ಅಡಿ. ನಮ್ಮ ಲೈನಿನಲ್ಲಿ ಹನ್ನೊಂದು ಅಡಿ ತಪ್ಪಿದ್ದರೆ ನನ್ನ ಕೆಲಸ ಹೋಗುತ್ತಿತ್ತು ಎಂದರು. ಆಗ ಈ ಕಾಡಿನಲ್ಲಿ ಕಬ್ಬಿಣದ ಸರಪಳಿ ಎಳೆದುಕೊಂಡು ಬಂದವನಿಗೆ ನಾನಾದರೆ ಪಾಸು ಹಾಕುತ್ತೇನೆ ಎಂದರು ನೀಲಗಂಗಾ. ಡ್ವೈಟ್ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು. ಅವರು ಕಲ್ಲಿನ ಆಚೆ ನಿಂತು, ಹಳ್ಳದವರೆಗೆ ಇಳಿಯುತ್ತ ಹೋದ ನೆಲವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಕ್ಕನತ್ತ ತಿರುಗಿ ಅವಳ ಹೆಸರೇನೆಂದೆ ಎಂದು ಕೇಳಿದರು.

“ಅಪೊಲೋನಿಯಾ,” ಎಂದರು ವರ್ನಾ.

ಅವರು ಅದನ್ನು ಎರಡು ಸಲ ಹೇಳಿಕೊಂಡರು.

ಮರುದಿನ ಚರ್ಚಿನ ಹಾಲಿನಲ್ಲಿ ಎಂಬತ್ತು ಜನ ಸೇರಿದ್ದರು. ನೀಲಗಂಗಾ ಮಾತಾಡಲು ತಯಾರಾಗಿಯೇ ಬಂದಿದ್ದರು. ಅದಕ್ಕೆಂದೇ ಇಳಕಲ್ ಸೀರೆ ಉಟ್ಟು, ನಕಾಶೆಗಳನ್ನು ಗೋಡೆಗೆ ಅಂಟಿಸಿದ್ದರು. ಆದರೆ ಮೈಕು ಹಿಡಿದವರು ಡ್ವೈಟ್. ತೊಂಬತ್ತು ವರ್ಷದಿಂದ ನಾವು ಹೇಳಿಕೊಂಡು ಬಂದ ಅಜ್ಜ ನಮ್ಮ ಅಜ್ಜನಲ್ಲ ಎಂದು ಅವರು ನೇರವಾಗಿ ಶುರು ಮಾಡಿದರು. ಹಾಲಿನಲ್ಲಿ ಗುಜುಗುಜು ಎದ್ದಿತು. ಅವರು ಅದನ್ನು ಅಡಗಲು ಬಿಟ್ಟು, ಹೊಲದಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಗಂಡ ಸತ್ತಮೇಲೆ ನಾಲ್ಕು ಮಕ್ಕಳೊಡನೆ ಗಾಡಿ ಹತ್ತಿದ ಹೆಂಗಸು. ಕಾಗದವಿಲ್ಲದ ನೆಲಕ್ಕೆ ಬೇಲಿ ಹಾಕಿ ಹದಿನಾಲ್ಕು ವರ್ಷ ಕಾದವಳು. ಕಚೇರಿ ತೆರೆದ ತಿಂಗಳಲ್ಲೇ ಮಗನನ್ನು ಕಳಿಸಿದವಳು. ಒಬ್ಬ ಹಿರಿಯರು ಎದ್ದು, ಹಾಗಾದರೆ ಕ್ಯಾಪ್ಟನ್ ಸಮಾಧಿಗೆ ತಂದ ಹೂವು ಏನು ಮಾಡುವುದು ಎಂದು ಕೇಳಿದರು. ಈ ವರ್ಷದ್ದು ಇಟ್ಟುಬಿಡೋಣ, ಮುಂದಿನ ವರ್ಷದಿಂದ ಅವನ ಸ್ವಂತ ಮೊಮ್ಮಕ್ಕಳು ನೋಡಿಕೊಳ್ಳಲಿ ಎಂದರು ಡ್ವೈಟ್. ಜನ ನಕ್ಕರು, ಆದರೆ ಎಲ್ಲರೂ ಅಲ್ಲ. ಇಬ್ಬರು ಊಟಕ್ಕೆ ನಿಲ್ಲದೆ ಹೋದರು. ವರ್ನಾ ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಅವರ ಮೂವತ್ತು ವರ್ಷದ ಹುಡುಕಾಟದ ಮಾತು ಬಂದಾಗ ಡ್ವೈಟ್ ಅವರನ್ನು ಎಬ್ಬಿಸಿ ನಿಲ್ಲಿಸಿದರು.

ಪ್ರಶ್ನೆಗಳು ಬಂದಾಗ ನೀಲಗಂಗಾ ನಕಾಶೆಯ ಪಕ್ಕ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟರು. ಅಪೊಲೋನಿಯಾ ಯಾವಾಗ ಸತ್ತಳು ಎಂದು ಕೇಳಿದವರಿಗೆ ಗೊತ್ತಿಲ್ಲ ಎಂದರು. ಅವಳನ್ನು ಎಲ್ಲಿ ಹೂತರು ಎಂದವರಿಗೂ ಗೊತ್ತಿಲ್ಲ ಎಂದರು. ಗೊತ್ತಿದ್ದದ್ದನ್ನು ಮಾತ್ರ ಗೆರೆ ಗೆರೆಯಾಗಿ ತೋರಿಸಿದರು.

ಊಟವಾದ ಮೇಲೆ ಅಟ್ಲಾಂಟಾದಿಂದ ಬಂದಿದ್ದ ಒಬ್ಬಾಕೆ, ವರ್ನಾ ಅವರ ದೂರದ ಸಂಬಂಧಿ, ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಾಳೆ ಹಿಡಿದು ನೀಲಗಂಗಾ ಅವರ ಮೇಜಿನ ಬಳಿ ಬಂದರು. ತಮ್ಮ ತಾಯಿಯ ಕಡೆಯವರ ಜಮೀನು ಎಲ್ಲಿತ್ತೋ ಇದುವರೆಗೆ ತಿಳಿದಿಲ್ಲ ಎಂದು ಸಂಕೋಚದಿಂದ ಹೇಳಿದರು. ಅವರ ಹಿಂದೆ ಇನ್ನೂ ಮೂವರು ತಂತಮ್ಮ ಕಾಗದದೊಡನೆ ನಿಂತಿದ್ದರು. ಅಕ್ಷಯಾ ತಾಯಿಯ ಕಿವಿಯಲ್ಲಿ, ಈಗ ಹೊರಟರೆ ಮಾತ್ರ ಹನ್ನೊಂದರೊಳಗೆ ಮನೆ ಸೇರಬಹುದು, ನಾಳೆ ಲ್ಯಾಬಿಗೆ ಬೇಗ ಹೋಗಬೇಕು ಎಂದಳು.

ನೀಲಗಂಗಾ ಕನ್ನಡಕ ಒರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದಿದ್ದರು. “ಸಾಲಾಗಿ ಬನ್ನಿ,” ಎಂದು ಹಿಂದಿನವರಿಗೆ ಹೇಳಿ, ಅಟ್ಲಾಂಟಾದವರಿಗೆ ಕುರ್ಚಿ ತೋರಿಸಿದರು. ಅಕ್ಷಯಾ ಕಾರಿನ ಕೀಲಿಯನ್ನು ಚೀಲಕ್ಕೆ ಹಾಕಿ, ತಾಯಿಗೂ ತನಗೂ ಕಾಫಿ ತರಲು ಹೋದಳು.